ಸ್ಕ್ಯಾನರ್‌ನ ಹಿಂದೆ ಏನು ನಡೆಯುತ್ತದೆ? ಫೋನಿನೊಳಗಿನ ಬ್ಯಾಂಕು, ತುಂಗಭದ್ರಾ ಸೀಮೆಯಿಂದ ನೋಡಿದಂತೆ

ರಾಯಚೂರಿನ ಗಂಜ್‌ನಲ್ಲಾಗಲಿ, ಗಂಗಾವತಿಯ ಅಕ್ಕಿ ಗಿರಣಿಗಳ ಎದುರಿನ ಚಹಾ ಅಂಗಡಿಯಲ್ಲಾಗಲಿ, ಬಳ್ಳಾರಿಯಲ್ಲಿ ಸಂಜೆ ಹೊತ್ತು ನಿಲ್ಲುವ ಮಿರ್ಚಿ ಬಂಡಿಗಳ ಮುಂದಾಗಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ನನ್ನ ಕಡೆ ಕಟ್ ಆಗೇತ್ರಿ, ನಿಮಗ ಬಂದಿಲ್ಲೇನು?" ಗಿರಾಕಿಯ ಫೋನಿನಲ್ಲಿ 40 ರೂಪಾಯಿ ಕಡಿತವಾಗಿದೆ ಎಂಬ ಸಂದೇಶವಿರುತ್ತದೆ, ಅಂಗಡಿಯವರ ಸೌಂಡ್‌ಬಾಕ್ಸ್ ಬಾಯಿ ಬಿಟ್ಟಿರುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ಹಣ ನಿಜವಾಗಿ ಎಲ್ಲಿದೆ ಎಂದು ಹೇಳಹೊರಟರೆ, ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಚಿಲ್ಲರೆ ಬ್ಯಾಂಕಿಂಗ್ ಎಷ್ಟು ಬದಲಾಗಿದೆ ಎಂಬುದನ್ನೆಲ್ಲ ಹೇಳಬೇಕಾಗುತ್ತದೆ.

ಹಿಂದೆ ಬ್ಯಾಂಕಿನ ಕೌಂಟರ್‌ನಲ್ಲಿ ಒಬ್ಬ ಗುಮಾಸ್ತರು ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದರು. ಎದುರು ನಿಂತವರು ಯಾರೆಂದು ಗುರುತಿಸುವುದು, ಅವರ ಸಹಿ ಅಥವಾ ಹೆಬ್ಬೆಟ್ಟಿನ ಮೂಲಕ ಆದೇಶ ಪಡೆಯುವುದು, ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿಸುವುದು, ಅದರ ಲೆಕ್ಕವನ್ನು ಪಾಸ್‌ಬುಕ್ಕಿಗೆ ಏರಿಸುವುದು. ಇಂದು ಈ ನಾಲ್ಕೂ ಕೆಲಸಗಳು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋಗಿವೆ, ಮತ್ತು ಹೊಸ ತಂತ್ರಜ್ಞಾನ ಎಂದು ನಾವು ಕರೆಯುವುದರ ಬಹುಪಾಲು ಈ ಹಂಚಿಕೆಯೇ ಆಗಿದೆ. ಫೋನಿನ ಪರದೆಯ ಮೇಲೆ ಕಾಣುವ ಬಣ್ಣದ ಆ್ಯಪ್ ಅದರಲ್ಲಿ ತೀರಾ ಚಿಕ್ಕ ಭಾಗ. ಯಾವ ಕೆಲಸ ಯಾರ ಕೈಯಲ್ಲಿದೆ ಎಂಬುದು ಗೊತ್ತಿಲ್ಲದವರಿಗೆ ಹಣ ಸಿಕ್ಕಿಕೊಂಡಾಗ ಯಾರ ಬಾಗಿಲು ತಟ್ಟಬೇಕೆಂಬುದೂ ಗೊತ್ತಾಗುವುದಿಲ್ಲ; ಹಾಗಾಗಿ ಅವರು ಶಾಖೆಗೆ ಹೋದರೆ ಆ್ಯಪ್‌ನವರನ್ನು ಕೇಳಿ ಎನ್ನುತ್ತಾರೆ, ಆ್ಯಪ್‌ನವರನ್ನು ಕೇಳಿದರೆ ಬ್ಯಾಂಕಿಗೆ ಹೋಗಿ ಎನ್ನುತ್ತಾರೆ.

ಆ್ಯಪ್ ಬ್ಯಾಂಕಲ್ಲ

ಯುಪಿಐ ವ್ಯವಸ್ಥೆಯನ್ನು ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. 2008ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2010ರಲ್ಲಿ ಐಎಂಪಿಎಸ್ ಎಂಬ ತಕ್ಷಣದ ವರ್ಗಾವಣೆಯನ್ನು ತಂದಿತು; ಅದೇ ಅಡಿಪಾಯದ ಮೇಲೆ 2016ರ ಏಪ್ರಿಲ್‌ನಲ್ಲಿ ಯುಪಿಐಯನ್ನು ಕಟ್ಟಲಾಯಿತು. ಫೋನ್‌ಪೇ, ಗೂಗಲ್ ಪೇ, ಭೀಮ್ ಮುಂತಾದ ಆ್ಯಪ್‌ಗಳಿಗೆ ಈ ಪಾವತಿಯಲ್ಲಿ ನಮ್ಮ ಹಣದ ಮೇಲೆ ಯಾವ ಹಿಡಿತವೂ ಇಲ್ಲ. ಅವು ಆದೇಶವನ್ನು ಬರೆದು ಸಾಗಿಸುತ್ತವೆ, ಅಷ್ಟೇ. ಹಣ ಕೊನೆಯವರೆಗೂ ಬ್ಯಾಂಕಿನ ಖಾತೆಯಲ್ಲಿಯೇ ಇರುತ್ತದೆ.

ಹೊಸ ಫೋನಿಗೆ ಆ್ಯಪ್ ಹಾಕಿದ ಕೂಡಲೇ ಅದು ನಮ್ಮ ಸಿಮ್‌ನಿಂದ ತಾನೇ ಒಂದು ಎಸ್‌ಎಂಎಸ್ ಕಳುಹಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಗೂಢಲಿಪಿಯ ಸಂದೇಶದ ಕೆಲಸ ಇಷ್ಟು: ಈ ನಂಬರಿನ ಸಿಮ್ ಈ ಫೋನಿನಲ್ಲಿಯೇ ಇದೆ ಎಂದು ಖಚಿತಪಡಿಸಿ ಎರಡನ್ನೂ ಗಂಟು ಹಾಕುವುದು. ಸಿಮ್ ಬೇರೆ ಫೋನಿಗೆ ಹೋದರೆ ಗಂಟು ಬಿಚ್ಚುತ್ತದೆ, ಮತ್ತೆ ಮೊದಲಿನಿಂದ ನೋಂದಾಯಿಸಬೇಕು. ಇದು ಪಾವತಿಯ ಮೊದಲ ಬೀಗ. ಎರಡನೆಯದು ಯುಪಿಐ ಪಿನ್. ಪಿನ್ ಒತ್ತುವಾಗ ತೆರೆದುಕೊಳ್ಳುವ ಪುಟ ಆ್ಯಪ್‌ನದಲ್ಲ, ಎನ್‌ಪಿಸಿಐ ಎಲ್ಲ ಆ್ಯಪ್‌ಗಳಿಗೂ ಕೊಟ್ಟಿರುವ ಒಂದೇ ಬಗೆಯ ಪುಟ ಅದು. ಒತ್ತಿದ ಅಂಕಿಗಳು ಅಲ್ಲಿಯೇ ಗೂಢಲಿಪಿಗೆ ತಿರುಗುತ್ತವೆ ಮತ್ತು ಆ್ಯಪ್‌ನವರಿಗೆ ಕಾಣುವುದಿಲ್ಲ. ಪಿನ್ ಗೊತ್ತಿರುವುದು ಗಿರಾಕಿಗೆ, ಅದನ್ನು ಪರಿಶೀಲಿಸಬಲ್ಲದ್ದು ಗಿರಾಕಿಯ ಬ್ಯಾಂಕು ಮಾತ್ರ. ಹಾಗಾಗಿ "ನಾವು ಫೋನ್‌ಪೇ ಕಚೇರಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಪಿನ್ ಒಮ್ಮೆ ಖಾತ್ರಿ ಮಾಡಿ" ಎಂದು ಯಾರಾದರೂ ಕೇಳಿದರೆ, ಆ ಮಾತು ಸುಳ್ಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಅಂಗಡಿಯ ಮುಂದೆ ಅಂಟಿಸಿದ, ನಮ್ಮ ಕಡೆ ಎಲ್ಲರೂ ಸ್ಕ್ಯಾನರ್ ಎಂದೇ ಕರೆಯುವ ಆ ಚೌಕದ ಚಿತ್ರ. ಅದರಲ್ಲಿ ಮುಖ್ಯವಾಗಿ ಇರುವುದು ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು. ಗಿರಾಕಿ ಸ್ಕ್ಯಾನ್ ಮಾಡಿ, ಮೊತ್ತ ಬರೆದು, ಪಿನ್ ಒತ್ತಿದ ಮೇಲೆ ಆದೇಶವು ಆ್ಯಪ್‌ನ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ತಲುಪುತ್ತದೆ. ಎನ್‌ಪಿಸಿಐ ಆ ವಿಳಾಸದ ಹಿಂದೆ ಯಾವ ಖಾತೆಯಿದೆ ಎಂದು ಅಂಗಡಿಯವರ ಕಡೆಯ ಬ್ಯಾಂಕನ್ನು ಕೇಳುತ್ತದೆ. ಉತ್ತರ ಬಂದ ಮೇಲೆ ಗಿರಾಕಿಯ ಬ್ಯಾಂಕಿಗೆ ಹಣ ಕಡಿತ ಮಾಡಲು ಹೇಳುತ್ತದೆ. ಕಡಿತವಾಯಿತು ಎಂಬ ಮಾತು ಬಂದ ಮೇಲಷ್ಟೇ ಅಂಗಡಿಯವರ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ಜಮೆಯಾಯಿತು ಎಂಬ ಮಾತು ಮರಳಿ ಬಂದಾಗ ಎರಡೂ ಕಡೆಗೆ ಸಂದೇಶ ಹೋಗುತ್ತದೆ. 40 ರೂಪಾಯಿಯ ಮಿರ್ಚಿಗೆ ಇಷ್ಟು ಕೇಳಿಕೆ, ಇಷ್ಟು ಉತ್ತರ, ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಬ್ಯಾಂಕು ಬ್ಯಾಂಕುಗಳ ನಡುವಿನ ನಿಜವಾದ ಹಣ ಆಗ ಕೈ ಬದಲಿಸುವುದಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲದ ಸಂಗತಿ. ಎಲ್ಲ ಬ್ಯಾಂಕುಗಳ ಕೊಡು-ಕೊಳ್ಳುವ ಬಾಕಿಯನ್ನು ಒಟ್ಟುಗೂಡಿಸಿ ದಿನಕ್ಕೆ ಹಲವು ಸುತ್ತುಗಳಲ್ಲಿ ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ಮೂಲಕ ಚುಕ್ತಾ ಮಾಡಲಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಗಿರಾಕಿಯ ಬ್ಯಾಂಕು ಕಡಿತ ಮಾಡಿದೆ, ಆದರೆ ಅಂಗಡಿಯವರ ಬ್ಯಾಂಕಿನಿಂದ ಜಮೆಯ ಉತ್ತರ ಬಂದಿಲ್ಲ. ಆ ಬ್ಯಾಂಕಿನ ಸರ್ವರ್ ನಿಧಾನವಾಗಿರಬಹುದು, ಅಥವಾ ಜಮೆಯಾಗಿಯೂ ಉತ್ತರ ದಾರಿಯಲ್ಲಿ ಕಳೆದುಹೋಗಿರಬಹುದು. ಎರಡರಲ್ಲಿ ಯಾವುದು ಎಂಬುದು ಆ ಕ್ಷಣಕ್ಕೆ ಎನ್‌ಪಿಸಿಐಗೂ ತಿಳಿದಿರುವುದಿಲ್ಲ. ಪರದೆಯ ಮೇಲೆ ಪೆಂಡಿಂಗ್ ಎಂದು ಬರುವುದು ಇದಕ್ಕೇ. ಹಣ ಆಗ ವ್ಯವಸ್ಥೆಯೊಳಗೇ ಇರುತ್ತದೆ, ಆ್ಯಪ್ ಕಂಪನಿಯ ಬಳಿ ಇರುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ನಿಯಮದಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಜಮೆಯಾಗದಿದ್ದರೆ ವಹಿವಾಟಿನ ಮರುದಿನದೊಳಗೆ ತಾನಾಗಿಯೇ ವಾಪಸಾಗಬೇಕು; ಅಂಗಡಿಗೆ ಕೊಟ್ಟ ಹಣ ಅಲ್ಲಿ ದೃಢಪಡದಿದ್ದರೆ ಐದು ದಿನಗಳೊಳಗೆ. ಅವಧಿ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು, ಗ್ರಾಹಕರು ಕೇಳಲಿ ಬಿಡಲಿ, ಅವರ ಖಾತೆಗೆ ಹಾಕಬೇಕು. ಈ ನಿಯಮ ಇದೆ ಎಂಬುದನ್ನೇ ಅರಿಯದೆ ಪದೇ ಪದೇ ಶಾಖೆಗೆ ಅಲೆಯುವವರು ನಮ್ಮಲ್ಲಿ ಬಹಳ ಜನ. ದೂರು ಕೊಡಲು ಬೇಕಾದದ್ದು ಪಾವತಿಯ ವಿವರದಲ್ಲಿ ಕಾಣುವ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ. ಸ್ಕ್ರೀನ್‌ಶಾಟ್‌ಗಿಂತ ಅದಕ್ಕೆ ಬೆಲೆ ಹೆಚ್ಚು. ಮೊದಲು ಆ್ಯಪ್‌ನಲ್ಲಿಯೇ ದೂರು, ಆಮೇಲೆ ತಮ್ಮ ಖಾತೆಯಿರುವ ಬ್ಯಾಂಕಿಗೆ, ಬ್ಯಾಂಕು 30 ದಿನಗಳಲ್ಲಿ ಸರಿಪಡಿಸದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ಒಂಬುಡ್ಸ್‌ಮನ್ ದೂರಿನ ಬಗ್ಗೆ ಕೇಳಿ ತಿಳಿಯಲು 14448 ಎಂಬ ಸಂಖ್ಯೆಯಿದೆ.

ಸೌಂಡ್‌ಬಾಕ್ಸ್ ಬಗ್ಗೆಯೂ ಒಂದು ಮಾತು. ಅದರೊಳಗೆ ಅದರದೇ ಸಿಮ್ ಇರುತ್ತದೆ. ಅದು ಕೂಗುವುದು ಅಂಗಡಿಯವರ ಪಾವತಿ ಕಂಪನಿಯಿಂದ ಬಂದ ಸೂಚನೆಯನ್ನು. ಹಾಗಾಗಿ ಹಣ ಜಮೆಯಾಗಿದ್ದರೂ ಡಬ್ಬಿಯ ಸಿಮ್‌ಗೆ ನೆಟ್‌ವರ್ಕ್ ಸಿಗದಿದ್ದರೆ ಅದು ಸುಮ್ಮನಿರುತ್ತದೆ. ಆದರೂ ಹಣ ಬಂದಂತೆ ಕಾಣುವ ನಕಲಿ ಪರದೆ ತೋರಿಸಿ ಸಾಮಾನು ಒಯ್ಯುವವರಿಂದ ಸಣ್ಣ ಅಂಗಡಿಯವರನ್ನು ಕಾಪಾಡಿದ್ದು ಈ ಕನ್ನಡ ಮಾತಾಡುವ ಡಬ್ಬಿಯೇ, ಮತ್ತು ಓದುಬರಹ ಬಾರದ ವ್ಯಾಪಾರಿಗೆ ಇದಕ್ಕಿಂತ ಉಪಯುಕ್ತವಾದ ಬ್ಯಾಂಕಿಂಗ್ ಉಪಕರಣ ಈ ದಶಕದಲ್ಲಿ ಬಂದಿಲ್ಲ ಎಂದು ನನ್ನ ಎಣಿಕೆ.

2025ರ ಆಗಸ್ಟ್‌ನಲ್ಲಿ ಯುಪಿಐ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟುಗಳನ್ನು ದಾಟಿತು. ಇವುಗಳಲ್ಲಿ ಬಹುಪಾಲು ಚಹಾ, ತರಕಾರಿ, ಆಟೊ ಬಾಡಿಗೆಯಂಥ ಸಣ್ಣ ಮೊತ್ತಗಳು. ಆದರೆ 10 ರೂಪಾಯಿಗೂ 10,000 ರೂಪಾಯಿಗೂ ಬ್ಯಾಂಕಿನ ಮೂಲ ಕಂಪ್ಯೂಟರಿನ ಮೇಲೆ, ಅಂದರೆ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯ ಮೇಲೆ, ಬೀಳುವ ಹೊರೆ ಒಂದೇ. ಸಂಜೆ ಸಂತೆಯ ಹೊತ್ತಿಗೆ ಸರ್ವರ್ ಡೌನ್ ಆಗುವುದಕ್ಕೆ ಇದೂ ಒಂದು ಕಾರಣ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಯುಪಿಐ ಲೈಟ್ ಈ ಗಂಟನ್ನು ಬಿಡಿಸುವ ಉಪಾಯ. ಖಾತೆಯಿಂದ ಒಂದಿಷ್ಟು ಹಣವನ್ನು ಮೊದಲೇ ಬೇರೆ ಎತ್ತಿಟ್ಟು, ಸಣ್ಣ ಪಾವತಿಗಳನ್ನು ಪಿನ್ ಇಲ್ಲದೆ ಅದರಿಂದಲೇ ಮಾಡಿದರೆ, ಪ್ರತಿ ಸಲವೂ ಕೋರ್ ಬ್ಯಾಂಕಿಂಗ್‌ನ ಬಾಗಿಲು ತಟ್ಟಬೇಕಾಗಿಲ್ಲ. 2024ರಲ್ಲಿ ಪ್ರಕಟವಾದ ಮಿತಿಯಂತೆ ಒಂದು ಪಾವತಿಗೆ 1,000 ರೂಪಾಯಿ, ಎತ್ತಿಡಬಹುದಾದ ಒಟ್ಟು ಮೊತ್ತ 5,000 ರೂಪಾಯಿ. ಪಾಸ್‌ಬುಕ್ಕಿನಲ್ಲಿ ಹತ್ತಿಪ್ಪತ್ತು ರೂಪಾಯಿಗಳ ಸಾಲು ಸಾಲು ನಮೂದುಗಳೂ ತಪ್ಪುತ್ತವೆ. ಫೋನು ಕಳೆದುಹೋಗಿ ಅದರ ಲಾಕ್ ಸಡಿಲವಾಗಿದ್ದರೆ ಆ ಮೊತ್ತಕ್ಕೆ ಅಪಾಯವಿದೆ, ಆದರೆ ಅಪಾಯ ಅಷ್ಟಕ್ಕೇ ನಿಲ್ಲುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ, ಲಕ್ಷಾಂತರ ಜನ ಒಂದೆಡೆ ಸೇರಿ ನೆಟ್‌ವರ್ಕೇ ಕುಸಿದಾಗ, ಲೈಟ್ ಕೂಡ ಪೂರ್ತಿ ಕೈಹಿಡಿಯಲಾರದು. ಬ್ಯಾಂಕಿನ ಸರ್ವರ್ ಬೇಡವಾದರೂ ಫೋನಿಗೆ ಒಂದಿಷ್ಟು ಸಂಪರ್ಕ ಬೇಕೇ ಬೇಕು. ಇಂಟರ್ನೆಟ್ ಇಲ್ಲದೆಯೂ ಎರಡು ಫೋನುಗಳನ್ನು ಹತ್ತಿರ ಹಿಡಿದು ಹಣ ದಾಟಿಸುವ ಲೈಟ್ ಎಕ್ಸ್ 2023ರಲ್ಲಿ ಬಂದಿದೆ, ಆದರೆ ಅದಕ್ಕೆ ಬೇಕಾದ ಎನ್‌ಎಫ್‌ಸಿ ಸೌಲಭ್ಯ ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 2022ರ ಡಿಸೆಂಬರ್‌ನಿಂದ ಪ್ರಯೋಗದಲ್ಲಿರುವ ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯ ಮಾತು ಆಗಾಗ ಕೇಳಿಬರುತ್ತದೆ; ಅಂಗಡಿಯ ಮುಂದೆ ನಿಂತ ಗಿರಾಕಿಗೆ ಅದರಿಂದ ಯುಪಿಐಗಿಂತ ಹೆಚ್ಚಿನ ಅನುಕೂಲವೇನೂ ಈಗ ಕಾಣುವುದಿಲ್ಲ.

ಕೀಪ್ಯಾಡ್ ಫೋನಿನವರನ್ನು ಮರೆಯುವಂತಿಲ್ಲ. *99# ಒತ್ತಿ ಇಂಟರ್ನೆಟ್ ಇಲ್ಲದೆ ವ್ಯವಹರಿಸುವ ಸೇವೆ 2014ರಿಂದಲೇ ಇದೆ. 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಇದರಲ್ಲಿ ಕರೆ ಮಾಡಿ ಧ್ವನಿ ಸೂಚನೆಯನ್ನು ಅನುಸರಿಸಿ ಅಂಕಿ ಒತ್ತುವುದು, ಮಿಸ್ಡ್ ಕಾಲ್ ಕೊಡುವುದು ಮುಂತಾದ ದಾರಿಗಳಿವೆ, ಒಂದು ಪಾವತಿಯ ಮಿತಿ 10,000 ರೂಪಾಯಿ. ಇದಕ್ಕೆ ಸಿಕ್ಕಿರುವ ಪ್ರಚಾರ ತೀರಾ ಕಡಿಮೆ. ಮನೆಯಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರು ನಿಗದಿತ ಮಿತಿಯೊಳಗೆ ಖರ್ಚು ಮಾಡಲು ಬಿಡುವ ಯುಪಿಐ ಸರ್ಕಲ್ 2024ರಲ್ಲಿ ಬಂದಿದೆ. ಅಪ್ಪನ ಪಿನ್ ಮಗನಿಗೆ, ಅತ್ತೆಯ ಪಿನ್ ಸೊಸೆಗೆ ಬಾಯಿಪಾಠವಾಗಿರುವ ನಮ್ಮ ಮನೆಗಳಿಗೆ ಅದು ಎಷ್ಟೋ ವಾಸಿಯಾದ ಏರ್ಪಾಡು.

ಹೆಬ್ಬೆಟ್ಟಿನ ಬ್ಯಾಂಕು

ಗ್ರಾಮೀಣ ಬ್ಯಾಂಕುಗಳ ಮಟ್ಟಿಗೆ ಬಳ್ಳಾರಿ ರಾಜ್ಯದ ರಾಜಧಾನಿ. 1976ರಲ್ಲಿ ಇಲ್ಲಿ ಶುರುವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಒಂದಾದ ಮೇಲೊಂದು ವಿಲೀನಗಳನ್ನು ಕಂಡು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ ಎಂಬ ಹೆಸರು ಪಡೆಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, ಪ್ರಧಾನ ಕಚೇರಿ ಬಳ್ಳಾರಿಯಲ್ಲಿಯೇ ಉಳಿಯಿತು. ಅರ್ಧ ಶತಮಾನದ ಹಿಂದೆ ಹಳ್ಳಿಗೆ ಶಾಖೆ ಒಯ್ಯುವುದೇ ಹೊಸತನವಾಗಿತ್ತು. ಇಂದು ಶಾಖೆಯಿಲ್ಲದ ಊರಿನಲ್ಲಿ ಅದರ ಕೆಲಸ ಮಾಡುವವರು ಬ್ಯಾಂಕ್ ಮಿತ್ರರು, ಮತ್ತು ಅವರ ಕೈಯಲ್ಲಿರುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್.

ಮಾನ್ವಿಯಲ್ಲಾಗಲಿ ಕಾರಟಗಿಯಲ್ಲಾಗಲಿ ಒಂದು ಝೆರಾಕ್ಸ್ ಅಂಗಡಿಯನ್ನು ಹೊಕ್ಕರೆ ಈ ಕೆಲಸವನ್ನು ಹತ್ತಿರದಿಂದ ನೋಡಬಹುದು. ಅಂಗೈಯಗಲದ ಕೆಂಪು ಬೆಳಕಿನ ಯಂತ್ರ, ಪಕ್ಕದಲ್ಲಿ ಬೆರಳು ಒರೆಸಲು ಒಂದು ಬಟ್ಟೆ ಚೂರು. ಹತ್ತಿ ಬಿಡಿಸಿ, ಮೆಣಸಿನಕಾಯಿ ಕಿತ್ತು, ಸಸಿ ನಾಟಿ ಮಾಡಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಓದುವುದಿಲ್ಲ. ಅಂಗಡಿಯವರು ಬೆರಳನ್ನು ಒರೆಸಿ, "ಜೋರಾಗಿ ಒತ್ತಬ್ಯಾಡವಾ, ಮೆಲ್ಲಕ ಇಡು" ಎಂದು ಹೇಳಿ, ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಎಡಗೈ ಎಂದು ಒಂದೊಂದಾಗಿ ಪ್ರಯತ್ನಿಸುತ್ತಾರೆ. ಬೆರಳಚ್ಚು ಹೊಂದಿದ ಮೇಲೆ ಆಧಾರ್ ಪ್ರಾಧಿಕಾರವು "ಹೌದು, ಇವರೇ" ಎಂದು ಉತ್ತರಿಸುತ್ತದೆ, ಎನ್‌ಪಿಸಿಐ ಮೂಲಕ ಬೆರಳಿಟ್ಟವರ ಬ್ಯಾಂಕು ಖಾತೆಯಿಂದ ಹಣ ಕಡಿತ ಮಾಡುತ್ತದೆ, ಅಂಗಡಿಯವರು ತಮ್ಮ ಗಲ್ಲಾದಿಂದ ನೋಟು ಎಣಿಸಿ ಕೊಡುತ್ತಾರೆ. ಕಾರ್ಡು ಬೇಡ, ಪಿನ್ ಬೇಡ, ಫೋನು ಸಹ ಬೇಡ. ಬೆರಳು ಸವೆದವರಿಗೆ ಮುಖ ತೋರಿಸಿ ದೃಢೀಕರಿಸುವ ಏರ್ಪಾಡೂ ಈಗ ಬರುತ್ತಿದೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2025ರಲ್ಲಿ ಇದನ್ನು ಜಾರಿಗೊಳಿಸಿತು.

ಈ ಸರಳತೆಯೇ ಇದರ ದೌರ್ಬಲ್ಯವೂ ಹೌದು. ಯುಪಿಐಗೆ ಎರಡು ಬೀಗಗಳಿದ್ದರೆ ಇಲ್ಲಿರುವುದು ಒಂದೇ, ಮತ್ತು ಆ ಒಂದನ್ನು ಬದಲಾಯಿಸಲು ಬರುವುದಿಲ್ಲ. ಪಿನ್ ಸೋರಿದರೆ ಹೊಸ ಪಿನ್ ಇಟ್ಟುಕೊಳ್ಳಬಹುದು, ಹೆಬ್ಬೆಟ್ಟು ಸೋರಿದರೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರುವುದು? 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಆಸ್ತಿ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚುಗಳನ್ನು ನಕಲು ಮಾಡಿ ಎಇಪಿಎಸ್ ಮೂಲಕ ಹಣ ತೆಗೆದ ಪ್ರಕರಣಗಳು ವರದಿಯಾದವು. ಅದೇ ವರ್ಷ ಆಧಾರ್ ಪ್ರಾಧಿಕಾರವು ಯಂತ್ರದ ಮೇಲಿರುವುದು ಜೀವಂತ ಬೆರಳೋ ಅಚ್ಚೋ ಎಂದು ಪತ್ತೆಹಚ್ಚುವ, ಕೃತಕ ಬುದ್ಧಿಮತ್ತೆ ಆಧಾರಿತ ತಪಾಸಣೆಯನ್ನು ಸೇರಿಸಿತು. ಬೆರಳಚ್ಚು ಪಡೆದು ಹಣ ಕೊಡುವ ಈ ಅಂಗಡಿಯವರ ಪೂರ್ವಾಪರ ವಿಚಾರಿಸುವ, ಮೂರು ತಿಂಗಳು ವಹಿವಾಟು ನಡೆಸದವರನ್ನು ಮತ್ತೆ ಪರಿಶೀಲಿಸುವ ರಿಸರ್ವ್ ಬ್ಯಾಂಕಿನ ನಿಯಮಗಳು 2026ರ ಜನವರಿಯಿಂದ ಅನ್ವಯವಾಗಿವೆ. ಗ್ರಾಹಕರ ಕೈಯಲ್ಲಿರುವ ಉಪಾಯವೆಂದರೆ ಆಧಾರ್ ಆ್ಯಪ್‌ನಲ್ಲಿ ತಮ್ಮ ಬಯೋಮೆಟ್ರಿಕ್ ಮಾಹಿತಿಯನ್ನು ಲಾಕ್ ಮಾಡುವುದು. ಆದರೆ ಲಾಕ್ ಮಾಡಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳು ನಡೆಯುವುದಿಲ್ಲ, ಪ್ರತಿ ಬಾರಿ ತಾತ್ಕಾಲಿಕವಾಗಿ ತೆರೆಯಬೇಕು ಎಂಬುದನ್ನು ಸಲಹೆ ಕೊಡುವವರು ಹೇಳುವುದೇ ಇಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದ 2023ರ ಆಗಸ್ಟ್‌ನಿಂದ ಇನ್ನೊಂದು ಗೊಂದಲ ಮನೆಮನೆಗೂ ಪರಿಚಿತ: ಹಣ ಬಿಡುಗಡೆಯಾಗಿದೆ ಎನ್ನುತ್ತಾರೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಅನೇಕ ಸಲ ಹಣ ಇನ್ನೊಂದು ಖಾತೆಗೆ ಬಂದಿರುತ್ತದೆ. ಒಬ್ಬರ ಆಧಾರ್ ಎಷ್ಟು ಖಾತೆಗಳಿಗೆ ಬೇಕಾದರೂ ಜೋಡಣೆಯಾಗಿರಬಹುದು, ಆದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಎನ್‌ಪಿಸಿಐ ಮ್ಯಾಪರ್ ಎಂಬ ಪಟ್ಟಿ, ಮತ್ತು ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕಿನ ಹೆಸರಿರುತ್ತದೆ, ಕೊನೆಯದಾಗಿ ಒಪ್ಪಿಗೆ ಕೊಟ್ಟ ಬ್ಯಾಂಕಿನದು. ಹೊಸ ಖಾತೆ ತೆರೆಯುವಾಗ ಸಹಿ ಮಾಡಿದ ನಮೂನೆಯಲ್ಲಿ ಆ ಒಪ್ಪಿಗೆಯೂ ಸೇರಿಕೊಂಡಿದ್ದರೆ, ತಿಳಿಯದೆಯೇ ಹಣದ ದಾರಿ ಬದಲಾಗಿರುತ್ತದೆ. ಈಗ ಯಾವ ಬ್ಯಾಂಕು ಇದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು.

ಕಳವು ನಡೆಯುವ ಜಾಗ

ಯುಪಿಐನ ಗೂಢಲಿಪಿಯನ್ನು ಒಡೆದು ಹಣ ಕದಿಯುವ ಕಷ್ಟಕ್ಕೆ ಮೋಸಗಾರರು ಹೋಗುವುದಿಲ್ಲ. ಅವರು ಗುರಿಯಿಡುವುದು ಆದೇಶ ಕೊಡುವ ಮನುಷ್ಯನಿಗೆ. ಹಣ ಕಳುಹಿಸಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ ಎಂಬ ಒಂದೇ ಅಂಶ ತಿಳಿದಿರದವರನ್ನು "ನಿಮಗೆ ಹಣ ಬರುತ್ತದೆ, ಒಪ್ಪಿಗೆ ಒತ್ತಿ" ಎಂದು ನಂಬಿಸಿ ವರ್ಷಗಟ್ಟಲೆ ದೋಚಿದರು. ಕೊನೆಗೆ ವ್ಯಕ್ತಿಗಳ ನಡುವೆ ಹಣ ಕೇಳುವ ಕೋರಿಕೆಯ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಈಗಿನ ಕಾಟ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳದ್ದು. ಮದುವೆಯ ಕರೆಯೋಲೆ, ಗಾಡಿಯ ದಂಡದ ಚಲನ್, ರೈತರ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ಬರುವ ಇಂಥ ಫೈಲನ್ನು ಒತ್ತಿದರೆ ಒಂದು ಆ್ಯಪ್ ಕೂರುತ್ತದೆ, ಎಸ್‌ಎಂಎಸ್ ಓದಲು ಅನುಮತಿ ಪಡೆಯುತ್ತದೆ, ಬ್ಯಾಂಕಿನಿಂದ ಬರುವ ಒಟಿಪಿಯನ್ನು ಮಾಲೀಕರಿಗಿಂತ ಮೊದಲೇ ಬೇರೆ ಕಡೆ ರವಾನಿಸುತ್ತದೆ. ಒಟಿಪಿ ಒಂದನ್ನೇ ನೆಚ್ಚಿಕೊಂಡ ಭದ್ರತೆ ಇಲ್ಲಿ ನೆಲಕಚ್ಚಿತು. ಹೀಗಾಗಿ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ನಿರ್ದೇಶನಗಳು ಎರಡು ಹಂತದ ದೃಢೀಕರಣವನ್ನು ಉಳಿಸಿಕೊಂಡೇ, ಎಸ್‌ಎಂಎಸ್ ಒಟಿಪಿಯ ಬದಲು ಬೆರಳಚ್ಚು, ಸಾಧನಕ್ಕೆ ಗಂಟುಹಾಕಿದ ಗುರುತು ಮುಂತಾದ ಬೇರೆ ವಿಧಾನಗಳಿಗೂ ದಾರಿ ಮಾಡಿಕೊಟ್ಟಿವೆ. ಅಪಾಯ ಹೆಚ್ಚೆಂದು ತೋರುವ ವಹಿವಾಟಿಗೆ ಹೆಚ್ಚಿನ ತಪಾಸಣೆ ಮಾಡಬಹುದೆಂದೂ, ನಿಯಮ ಪಾಲಿಸದ ಬ್ಯಾಂಕು ಅದರಿಂದಾದ ನಷ್ಟವನ್ನು ಪೂರ್ತಿ ತುಂಬಬೇಕೆಂದೂ ಹೇಳಿವೆ. ಬ್ಯಾಂಕುಗಳ ಜಾಲತಾಣಗಳ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂಬ ಗಡುವು 2025ರ ಅಕ್ಟೋಬರ್‌ಗೆ ಮುಗಿದಿದೆ, ಹಾಗಾಗಿ ಬೇರೆ ಬಾಲವಿರುವ ಬ್ಯಾಂಕ್ ಪುಟವನ್ನು ಅನುಮಾನಿಸಲು ಈಗ ಗಟ್ಟಿ ಕಾರಣವಿದೆ.

ಕದ್ದ ಹಣ ಎಲ್ಲಾದರೂ ಇಳಿಯಲೇಬೇಕಲ್ಲ. ಅದು ಇಳಿಯುವುದು ಬಾಡಿಗೆ ಖಾತೆಗಳಲ್ಲಿ. ಒಂದಿಷ್ಟು ಸಾವಿರ ಕೊಡುತ್ತೇವೆ, ನಿನ್ನ ಖಾತೆ ಮತ್ತು ಸಿಮ್ ಕೊಡು ಎಂದು ಕೇಳಿದಾಗ ಕೊಟ್ಟುಬಿಡುವ ಕಾಲೇಜು ಹುಡುಗರು, ತಾವು ಅಪರಾಧದ ಸರಪಳಿಯ ಒಂದು ಕೊಂಡಿಯಾಗುತ್ತಿದ್ದೇವೆ ಎಂದು ಎಣಿಸಿರುವುದಿಲ್ಲ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನೊವೇಷನ್ ಹಬ್ ರೂಪಿಸಿದ ಮ್ಯೂಲ್‌ಹಂಟರ್ ಎಂಬ ಕೃತಕ ಬುದ್ಧಿಮತ್ತೆಯ ಸಾಧನ ಇಂಥ ಖಾತೆಗಳನ್ನು ವಹಿವಾಟಿನ ಚಹರೆಯಿಂದಲೇ ಗುರುತಿಸಲು ಯತ್ನಿಸುತ್ತದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುವುದರಿಂದ ಮೋಸ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಮುಖ್ಯ. ಠಾಣೆಗೆ ನಾಳೆ ಹೋದರಾಯಿತು ಎನ್ನುವಷ್ಟರಲ್ಲಿ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಪಿನ್ ಅಥವಾ ಒಟಿಪಿಯನ್ನು ಗ್ರಾಹಕರೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಅವರದೇ. ಎಪಿಕೆ ಕದ್ದ ಒಟಿಪಿ ಈ ಎರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದರ ಮೇಲೆಯೇ ಹೆಚ್ಚಿನ ಜಗಳಗಳು ನಡೆಯುವುದು.

ಲೆಕ್ಕವೇ ಅಡವಾದಾಗ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಅನೇಕ ಅಂಗಡಿಗಳು ಸ್ಕ್ಯಾನರ್ ಕಿತ್ತುಹಾಕಿ ನಗದು ಮಾತ್ರ ಎಂದು ಬೋರ್ಡು ಹಾಕಿದವು. ಆ ಗದ್ದಲದಲ್ಲಿ ಒಂದು ವಿಷಯ ಮಾತ್ರ ಎಲ್ಲರಿಗೂ ಸ್ಪಷ್ಟವಾಯಿತು: ಪ್ರತಿ ಪಾವತಿಯೂ ಅಳಿಸಲಾಗದ ಲೆಕ್ಕವನ್ನು ಬಿಟ್ಟುಹೋಗುತ್ತದೆ. ನೋಟಿಸ್ ತರುವ ಆ ಲೆಕ್ಕವೇ ಸಾಲವನ್ನೂ ತರಬಲ್ಲದು, ಮತ್ತು ಮುಂದಿನ ವರ್ಷಗಳಲ್ಲಿ ನಮ್ಮ ಜಿಲ್ಲೆಗಳ ಮೇಲೆ ಹೆಚ್ಚು ಪರಿಣಾಮ ಬೀರುವುದು ಪಾವತಿಯ ತಂತ್ರಜ್ಞಾನವಲ್ಲ, ಸಾಲದ ತಂತ್ರಜ್ಞಾನ ಎಂದು ನನಗೆ ಅನ್ನಿಸುತ್ತದೆ.

ಅದರ ಮೊದಲ ಭಾಗ 2021ರ ಸೆಪ್ಟೆಂಬರ್‌ನಲ್ಲಿ ಚಾಲ್ತಿಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದವರೊಬ್ಬರು ಒಂದು ಬ್ಯಾಂಕಿನಲ್ಲಿ ಸಾಲ ಕೇಳುತ್ತಾರೆ, ಅವರ ವಹಿವಾಟು ಇನ್ನೊಂದು ಬ್ಯಾಂಕಿನಲ್ಲಿದೆ ಎಂದಿಟ್ಟುಕೊಳ್ಳಿ. ಮೊದಲಾದರೆ ಆರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ, ಮೊಹರು ಒತ್ತಿಸಿ ಒಯ್ಯಬೇಕಿತ್ತು. ಈಗ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಅಗ್ರಿಗೇಟರ್ ಸಂಸ್ಥೆಯೊಂದರ ಮೂಲಕ ಅವರು ಒಪ್ಪಿಗೆ ಕೊಡುತ್ತಾರೆ. ಯಾವ ಖಾತೆಯ, ಎಷ್ಟು ತಿಂಗಳ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ದಿನದವರೆಗೆ ಎಂಬುದೆಲ್ಲ ಆ ಒಪ್ಪಿಗೆಯಲ್ಲಿಯೇ ಬರೆದಿರುತ್ತದೆ, ಮತ್ತು ಅದನ್ನು ಹಿಂಪಡೆಯಲೂ ಬರುತ್ತದೆ. ಅಗ್ರಿಗೇಟರ್ ಸಂಸ್ಥೆ ಲಕೋಟೆ ಒಡೆಯದೆ ಮುಟ್ಟಿಸುವ ಅಂಚೆಯವರಂತೆ: ಮಾಹಿತಿ ಗೂಢಲಿಪಿಯಲ್ಲಿ ಅದರ ಮೂಲಕ ಹಾದುಹೋಗುತ್ತದೆ, ಓದಲು ಅದಕ್ಕೆ ಸಾಧ್ಯವಿಲ್ಲ, ಇಟ್ಟುಕೊಳ್ಳಲು ಅನುಮತಿಯಿಲ್ಲ. ಅಡವಿಡಲು ಮನೆಯಾಗಲಿ ಚಿನ್ನವಾಗಲಿ ಇಲ್ಲದ ವ್ಯಾಪಾರಿಯೂ ತನ್ನ ಖಾತೆಯಲ್ಲಿ ದಿನವೂ ಓಡಾಡುವ ಹಣವನ್ನೇ ಪುರಾವೆಯಾಗಿ ತೋರಿಸಬಹುದು.

ಎರಡನೆಯ ಭಾಗ ಏಕೀಕೃತ ಸಾಲ ವೇದಿಕೆ, ಅಂದರೆ ಯುಎಲ್ಐ. 2022ರ ಸೆಪ್ಟೆಂಬರ್‌ನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಡಿಜಿಟಲ್ ಪ್ರಯೋಗವಾಗಿ ಆರಂಭವಾದ ಪ್ರಯತ್ನ 2023ರ ಆಗಸ್ಟ್‌ನಲ್ಲಿ ವಿಸ್ತಾರವಾದ ವೇದಿಕೆಯಾಯಿತು, ಮರುವರ್ಷ ಈ ಹೆಸರು ಪಡೆಯಿತು. ರಾಜ್ಯಗಳ ಭೂದಾಖಲೆ, ಗುರುತಿನ ದಾಖಲೆ, ಹಾಲಿನ ಸಂಘಗಳ ಲೆಕ್ಕ, ಉಪಗ್ರಹ ಚಿತ್ರಗಳಂಥ ಮಾಹಿತಿಯನ್ನು ಸಾಲ ಕೊಡುವ ಬ್ಯಾಂಕು ಒಂದೇ ಕಿಂಡಿಯಿಂದ ಪಡೆಯುವಂತೆ ಮಾಡುವುದು ಇದರ ಉದ್ದೇಶ. ಕರ್ನಾಟಕ ಇದಕ್ಕೆ ಮೊದಲೇ ಸಿದ್ಧವಾಗಿತ್ತು. ಭೂಮಿ ಯೋಜನೆಯಿಂದ ಪಹಣಿಗಳು ಎರಡು ದಶಕಗಳ ಹಿಂದೆಯೇ ಕಂಪ್ಯೂಟರಿಗೆ ಏರಿವೆ. ರಾಜ್ಯದ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಗುರುತಿನ ಎಫ್‌ಐಡಿ ಸಂಖ್ಯೆಯಿದೆ, ಬೆಳೆಸಾಲ ಕೊಟ್ಟ ಬ್ಯಾಂಕು ಪಹಣಿಯ ಮೇಲೆ ಬೋಜಾ, ಅಂದರೆ ಸಾಲದ ಹೊರೆಯ ನಮೂದು, ಕೂರಿಸುವ ಕೆಲಸವನ್ನು ಅದರ ಮೂಲಕವೇ ಮಾಡಬಹುದು. ತಲಾಟಿ, ಉಪನೋಂದಣಿ ಕಚೇರಿ, ಶಾಖೆ ಎಂದು ಬೆಳೆ ಹಂಗಾಮಿನ ನಡುವೆ ಅಲೆಯುವ ಕೆಲಸ ಇದರಿಂದ ಬಹಳ ಕಡಿಮೆಯಾಗಿದೆ. 2025ರ ಜನವರಿಯಿಂದ ಅಡವಿಲ್ಲದ ಕೃಷಿ ಸಾಲದ ಮಿತಿಯೂ 1.6 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿದೆ.

ಆದರೆ ಈ ಯಂತ್ರ ಓದುವುದು ಪಹಣಿಯನ್ನು, ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಗದ್ದೆಯಲ್ಲಿ ನೆಲ್ಲು ಬೆಳೆಯುವವರು ಬೇರೆ, ಪಹಣಿಯಲ್ಲಿ ಹೆಸರಿರುವವರು ಬೇರೆ ಎಂಬುದು ಅಪರೂಪವೇನಲ್ಲ. ಲೀಜಿಗೆ ಹೊಲ ಮಾಡುವವರ ಒಪ್ಪಂದ ಬಹುತೇಕ ಬಾಯಿಮಾತಿನದು. 1974ರ ತಿದ್ದುಪಡಿಯ ನಂತರದ ಕರ್ನಾಟಕ ಭೂಸುಧಾರಣಾ ಕಾನೂನು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಒಪ್ಪುವುದಿಲ್ಲ. ಹೀಗಾಗಿ ಬರೆದುಕೊಡಲು ಜಮೀನುದಾರರಿಗೆ ಭಯ. ಬೆಂಬಲ ಬೆಲೆಯ ಖರೀದಿಗೂ ಫ್ರೂಟ್ಸ್ ಸಂಖ್ಯೆಯೇ ಬೇಕಾದ್ದರಿಂದ, ಬೆವರು ಸುರಿಸಿದವರ ಬೆಳೆಯ ಹಣ ಜಮೀನುದಾರರ ಖಾತೆಗೆ ಬೀಳುತ್ತದೆ, ಅವರ ಸಾಲದ ಅರ್ಹತೆಯನ್ನು ಹೆಚ್ಚಿಸುತ್ತದೆ. ಹಳೆಯ ಕಾಲದ ಶಾಖಾ ವ್ಯವಸ್ಥಾಪಕರು ಊರಲ್ಲಿ ನಾಲ್ಕು ಜನರನ್ನು ವಿಚಾರಿಸಿ ಯಾರು ಉಳುತ್ತಾರೆಂದು ತಿಳಿದುಕೊಳ್ಳುತ್ತಿದ್ದರು. ತಂತ್ರಾಂಶಕ್ಕೆ ಆ ವಿಚಾರಣೆ ಬಾರದು. ನಬಾರ್ಡ್ ಬೆಂಬಲದ ಜಂಟಿ ಬಾಧ್ಯತಾ ಗುಂಪುಗಳು, ಅಂದರೆ ಒಬ್ಬರ ಸಾಲಕ್ಕೆ ಉಳಿದವರೂ ಹೊಣೆಯಾಗುವ ಗುಂಪುಗಳು, ಪಹಣಿಯಿಲ್ಲದವರಿಗೆ ಸಾಲ ಕೊಡಲೆಂದೇ ಇವೆ, ಆದರೆ ಅವುಗಳಿಗೆ ಇನ್ನೂ ಶಾಖೆಯ ಮೇಜು, ಕಾಗದ, ಸಭೆ ಎಲ್ಲವೂ ಬೇಕು. ಉಳಿದಿರುವ ಡಿಜಿಟಲ್ ದಾರಿ ಒಂದೇ: ಮುಕ್ತ ಮಾರುಕಟ್ಟೆಯಲ್ಲಿ ಮಾರಿದಾಗ ಅಡತಿ (ದಲಾಲಿ) ಅಂಗಡಿಯವರು ಮಾರಾಟದ ಪಟ್ಟಿಯನ್ನು ಉಳುವವರ ಹೆಸರಿನಲ್ಲಿಯೇ ಬರೆದು, ಹಣವನ್ನು ನಗದಾಗಿ ಕೈಗೆ ಕೊಡದೆ ಅವರ ಖಾತೆಗೆ ಹಾಕುವುದು. ಎರಡು ಮೂರು ಹಂಗಾಮುಗಳ ಇಂಥ ಜಮೆಗಳನ್ನು ಅಕೌಂಟ್ ಅಗ್ರಿಗೇಟರ್ ಮೂಲಕ ತೋರಿಸಿದರೆ, ಪಹಣಿ ಕೇಳದ ಸಾಲಕ್ಕೆ ಅದು ಆಧಾರವಾಗಬಲ್ಲದು. ಅಡತಿಯವರ ಕೈಸಾಲ ತೀರಿಸಿ ಉಳಿದ ಹಣ ಮಾತ್ರ ಲೀಜಿನ ರೈತರಿಗೆ ಸಿಗುವ ಈಗಿನ ರೂಢಿಯಲ್ಲಿ ಖಾತೆಗೆ ಬೀಳುವ ಮೊತ್ತ ಬೆಳೆಯ ನಿಜವಾದ ಬೆಲೆಗಿಂತ ಎಷ್ಟೋ ಕಡಿಮೆಯಿರುತ್ತದೆ, ಬ್ಯಾಂಕಿನ ತಂತ್ರಾಂಶಕ್ಕೆ ಕಾಣುವುದೂ ಆ ಕಡಿಮೆ ಮೊತ್ತವೇ.